ಅಕ್ಕೋಳದಲ್ಲಿ ಮಾಲು ಯಾಕೆ ಇಳಿಯಿತು

ಮಾರುಕಟ್ಟೆ ಸಮೀಕ್ಷೆಯ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಚಿಕ್ಕೋಡಿಯ ನಮ್ಮ ಮನೆಗೆ ಬರುತ್ತಾರೆ. ಕೈಯಲ್ಲಿ ಮೊಬೈಲು, ಅದರೊಳಗೆ ಪ್ರಶ್ನೆ, ಬೆರಳು ಒತ್ತಿದರೆ ಮುಂಬೈಗೆ ಉತ್ತರ ಹೋಗಿ ಕೂತಿರುತ್ತದೆ. "ಬಾಯಾರ, ನಿಮ್ಮ ಕಾಲದಾಗ ಹ್ಯಾಂಗ ಮಾಡತಿದ್ರಿ?" ಎಂದು ಕೇಳುತ್ತಾರೆ. ನಡೆದುಕೊಂಡು ಮಾಡುತ್ತಿದ್ದೆವು ತಾಯಿ, ಮತ್ತೇನು. ನಿಪ್ಪಾಣಿಯಿಂದ ಕಾಗವಾಡದವರೆಗೆ ನಾನು ತುಳಿಯದ ಓಣಿಯಿಲ್ಲ, ಓಡಿಸದ ನಾಯಿಯಿಲ್ಲ.

ಸೋಪು, ಚಹಾಪುಡಿ, ಕೊಬ್ಬರಿ ಎಣ್ಣೆ ಮಾಡುವ ಕಂಪನಿಗಳು ನಮ್ಮ ಸಂಸ್ಥೆಗೆ ಕೆಲಸ ಕೊಡುತ್ತಿದ್ದವು. ನಮ್ಮ ಕಡೆಯ ಜನ ಏನು ಕೊಳ್ಳುತ್ತಾರೆ, ಏಕೆ ಕೊಳ್ಳುತ್ತಾರೆ, ಕೊಳ್ಳದಿದ್ದರೆ ಏಕಿಲ್ಲ ಎಂದು ನಾವು ಮನೆಮನೆಗೆ ಹೋಗಿ ಕೇಳಿ ಬರೆದುಕೊಡಬೇಕು. ಅದನ್ನು ನೋಡಿ ಅವರು ಮುಂದಿನ ಹೆಜ್ಜೆ ಇಡುತ್ತಿದ್ದರು. ಎಂಬತ್ತರ ದಶಕದ ಮೊದಲಿನಿಂದ ತೊಂಬತ್ತರ ದಶಕ ಮುಗಿಯುವವರೆಗೆ ಅದೇ ನನ್ನ ಅನ್ನ. ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಬಿಟ್ಟುಬಿಡುತ್ತೇನೆ, ಹಾರ ಅಂದೇ ಬಾಡಿತು. ನಾನು ಬರೆಯಬೇಕಾದ್ದು ನನ್ನ ಜೊತೆಗೆ ದುಡಿದ ಸುಶೀಲಾಳ ಬಗ್ಗೆ. ಈ ಕೆಲಸದಲ್ಲಿ ಅವಳ ಬಾಯಿ ಹೋಯಿತು, ಆಮೇಲೆ ಜೀವ ಹೋಯಿತು.

ಮೊದಲು ಕೆಲಸ ಹೇಗಿತ್ತು ಎಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅಥಣಿ ಕಡೆ ಒಮ್ಮೆ ಹಲ್ಲಿನ ಪೇಸ್ಟಿನ ಸಮೀಕ್ಷೆ. ದ್ರಾಕ್ಷಿ ತೋಟದ ಮನೆಗಳು. ಯಾವ ಮನೆಗೆ ಹೋದರೂ "ಪೇಸ್ಟ ವಾಪರಸ್ತೇವ್ರಿ", ಬಳಸುತ್ತೇವೆ ಎಂಬ ಉತ್ತರ. ನಾನು ಖುಷಿಯಿಂದ ಬರೆದುಕೊಂಡು ಬಂದೆ. ಕಂಪನಿ ಲಾರಿಗಟ್ಟಲೆ ಪೇಸ್ಟು ಕಳಿಸಿತು. ಅಂಗಡಿಗಳಲ್ಲಿ ಅದರ ಮೇಲೆ ಧೂಳು ಕೂತಿತು. ಮತ್ತೆ ಹೋಗಿ ನೋಡಿದರೆ, ಪ್ರತಿ ಮನೆಯಲ್ಲೂ ಕನ್ನಡಿ ಇಡುವ ಗೋಡೆಯ ಗೂಡಿನಲ್ಲಿ ಒಂದು ಟ್ಯೂಬು ನಿಜಕ್ಕೂ ಇತ್ತು, ಮುಚ್ಚಳ ಒಡೆದಿರಲಿಲ್ಲ. "ಬೀಗರು ಬಂದಾಗ ಬೇಕಾಕೈತೆಲ್ರಿ" ಎಂದಳು ಯಜಮಾನಿ. ಸುಳ್ಳು ಹೇಳಿದ್ದಳೇ? ಇಲ್ಲ. ಮನೆಯ ಮರ್ಯಾದೆ ಹೇಳಿದ್ದಳು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಸುಮ್ಮನೆ ಅಂದಿಲ್ಲ, ನಾನು ಕಿವಿಯಲ್ಲಿ ಕೇಳಿದ್ದನ್ನೇ ನಂಬಿ ಕೂತಿದ್ದೆ.

ಕಾಗವಾಡ ಕಡೆಯದು ಇನ್ನೊಂದು ಫಜೀತಿ. ನಾವು ಮೂವರು ಹೆಂಗಸರು ಚೀಲ ಹಾಕಿಕೊಂಡು ಓಣಿಗೆ ಕಾಲಿಟ್ಟದ್ದೇ ತಡ, ಧಡಧಡ ಬಾಗಿಲು ಹಾಕಿಕೊಂಡರು. "ಆಪರೇಷನ್‌ದವ್ರು ಬಂದ್ರು, ಒಳಗ ನಡೀರೇ!" ಎಂದು ಒಬ್ಬ ಮುದುಕಿ ಕೂಗಿದಳು. ಮಕ್ಕಳಾಗದ ಆಪರೇಷನ್ನಿಗೆ ಹಿಡಿದುಕೊಂಡು ಹೋಗುವ ಸರಕಾರಿ ನರ್ಸುಬಾಯಿಯರು ನಾವು ಎಂದುಕೊಂಡಿದ್ದರು. ಕೊಬ್ಬರಿ ಎಣ್ಣೆ ಬಗ್ಗೆ ಕೇಳಾಕ ಬಂದೇವಿ ಎಂದರೆ ಯಾರು ನಂಬುತ್ತಾರೆ? ಅವತ್ತು ಒಂದು ಮನೆಯೂ ತೆರೆಯಲಿಲ್ಲ. ಮುಂಬೈ ಸಾಹೇಬರು ಅದನ್ನು 'ಪ್ರತಿಕ್ರಿಯೆ ಇಲ್ಲ' ಎಂದು ಲೆಕ್ಕ ಹಾಕಿ, ಆ ಕಡೆ ಎಣ್ಣೆಗೆ ಬೇಡಿಕೆ ಇಲ್ಲ ಎಂದು ತೀರ್ಮಾನಿಸಿದರು. ತಲೆಗೆ ಎಣ್ಣೆ ಹಚ್ಚದ ಊರು ಎಲ್ಲಾದರೂ ಉಂಟೇ ಮಾರಾಯರೇ!

ಅಂಥ ಬಾಗಿಲುಗಳನ್ನು ತೆರೆಯಿಸಿದವಳು ಸುಶೀಲಾ. ನಿಪ್ಪಾಣಿ ಹತ್ತಿರದ ಅಕ್ಕೋಳದವಳು, ನನಗಿಂತ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಕ್ಕರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ಕನ್ನಡದ ಮನೆಯಲ್ಲಿ ಕನ್ನಡ, ಮರಾಠಿ ಮನೆಯಲ್ಲಿ ಮರಾಠಿ, ಯಾವುದರಲ್ಲೂ ತಡವರಿಸುವವಳಲ್ಲ. ಗಂಡನಿಗೆ ಒಂದು ತುಂಡು ತಂಬಾಕಿನ ಹೊಲ, ಒಬ್ಬಳೇ ಮಗಳು ಕಮಲಾ. ಆ ಹುಡುಗಿಯನ್ನು ಓದಿಸಬೇಕೆಂದೇ ಅವಳು ಕೆಲಸಕ್ಕೆ ಸೇರಿದ್ದು.

ಎಂಬತ್ತರ ದಶಕದ ನಡುವೆ ಒಂದು ಮಿಶ್ರಿ ಕಂಪನಿ ನಮ್ಮ ಆಫೀಸಿಗೆ ಬಂತು. ಮಿಶ್ರಿ ಎಂದರೆ ತಂಬಾಕನ್ನು ಹಂಚಿನ ಮೇಲೆ ಕರ್ರಗೆ ಹುರಿದು ಅರೆದ ಪುಡಿ. ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕುವುದು. ಹೆಸರಿಗೆ ಹಲ್ಲುಪುಡಿ, ನಿಜಕ್ಕೆ ಚಟ. ಬೆಳಿಗ್ಗೆ ಒಮ್ಮೆ ತಿಕ್ಕಿದವಳು ಮಧ್ಯಾಹ್ನ ಉಂಡ ಮೇಲೆ ಮತ್ತೆ ಹಿತ್ತಲಿಗೆ ಹೋಗುತ್ತಾಳೆ. ನಿಪ್ಪಾಣಿ ಸುತ್ತ ಹೆಂಗಸರು ಅದನ್ನು ಮನೆಯಲ್ಲೇ ಹುರಿದುಕೊಳ್ಳುತ್ತಿದ್ದರು, ಇಲ್ಲವೇ ಸಂತೆಯಲ್ಲಿ ಬಿಡಿಯಾಗಿ ತರುತ್ತಿದ್ದರು. ಬಣ್ಣದ ಪೊಟ್ಟಣದಲ್ಲಿ ಕೊಟ್ಟರೆ ಕೊಳ್ಳುತ್ತಾರೆಯೇ ಎಂಬುದು ಕಂಪನಿಯ ಪ್ರಶ್ನೆ.

ಆದರೆ ಮಿಶ್ರಿ ತಿಕ್ಕುತ್ತೇನೆ ಎಂದು ಯಾವ ಹೆಂಗಸೂ ಬಾಯಿ ಬಿಟ್ಟು ಹೇಳುವುದಿಲ್ಲ. ಕರಿ ಹಲ್ಲು ಕಾಣುತ್ತಿದ್ದರೂ "ಇಲ್ರಿ ನಮ್ಮ ಮನ್ಯಾಗ ಯಾರೂ ಇಲ್ರಿ" ಎನ್ನುತ್ತಾಳೆ. ಸುಶೀಲಾ ಅದಕ್ಕೊಂದು ಉಪಾಯ ಮಾಡಿದಳು. ಅವಳೇ ಕಮಲಾ ಹೊಟ್ಟೆಯಲ್ಲಿದ್ದಾಗಿನಿಂದ ಮಿಶ್ರಿ ತಿಕ್ಕುವವಳು. ಗಂಡಸರು ಹೊಲಕ್ಕೆ ಹೋದ ಮೇಲೆ ಹಿತ್ತಲಿನಿಂದ ಒಳಗೆ ಹೋಗಿ, ಬಚ್ಚಲ ಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ತನ್ನ ತಗಡಿನ ಡಬ್ಬಿ ತೆಗೆದು ತಿಕ್ಕಲಿಕ್ಕೆ ಶುರು ಮಾಡುತ್ತಿದ್ದಳು.

"ಅಯ್ಯ, ನೀನೂ ತಿಕ್ಕತೀ ಏನ ತಂಗಿ?"

"ಹೂಂನ್ರಿ ವೈನಿ. ಬರ್ರಿ, ನಂದೊಂದು ಚಿಟಿಕಿ ನೋಡ್ರಿ. ನಮ್ಮೂರ ಮಾಲು, ಖಡಕ್ ಐತಿ."

ಅಷ್ಟಾದರೆ ಸಾಕು. ಅತ್ತೆ, ನಾದಿನಿ, ಪಕ್ಕದ ಮನೆಯವಳು ಎಲ್ಲರೂ ಸುತ್ತ ಕೂತು ಬಾಯಿ ಬಿಡುತ್ತಿದ್ದರು. ನನಗೂ ಕಲಿಸಲು ನೋಡಿದಳು. ಸದಲಗಾದಲ್ಲಿ ಒಂದೇ ಒಂದು ಸಲ ಬೆರಳು ಬಾಯಿಗಿಟ್ಟೆ. ತಲೆ ಗಿರ್ರೆಂದು ತಿರುಗಿ ಅವರ ದನದ ಕೊಟ್ಟಿಗೆಯಲ್ಲೇ ವಾಂತಿ ಮಾಡಿಕೊಂಡೆ. "ಅಕ್ಕಾ, ನಿನ್ನ ಕೈಲಿ ಆಗೂದಲ್ಲಿದು, ನೀ ಬರಕೋತ ಕೂಡ್ರು" ಎಂದು ಬಿದ್ದು ಬಿದ್ದು ನಕ್ಕಳು. ಅಲ್ಲಿಂದ ಮುಂದೆ ನಾನು ಬರೆಯುವುದು, ಅವಳು ತಿಕ್ಕುವುದು. ಹೋದ ಮನೆಯಲ್ಲೆಲ್ಲ ತಿಕ್ಕಿದಳು. ಒಂದು ಹಿತ್ತಲಿನಲ್ಲಿ ಉಗುಳಿ ಬಾಯಿ ತೊಳೆದು ಇನ್ನೊಂದು ಹಿತ್ತಲಿಗೆ ಹೋಗುತ್ತಿದ್ದಳು.

ಹಾಗೆ ಗೊತ್ತಾದದ್ದು ಇದು. ಸೊಸೆಯಾದವಳು ಮಿಶ್ರಿ ಕೊಳ್ಳುವಂತಿಲ್ಲ, ಕೇಳುವಂತೆಯೂ ಇಲ್ಲ. ಅತ್ತೆ ತನ್ನ ಟೊಂಕದ ಡಬ್ಬಿ ತೆರೆದು ಅವಳ ಮುಂದೆ ಹಿಡಿಯಬೇಕು. ಅದು ಆಗುವುದು ಸೊಸೆ ಮೊದಲ ಸಲ ಬಸುರಾದಾಗ. ಚಿಟಿಕೆ ಮಿಶ್ರಿ ತಿಕ್ಕಿದರೆ ವಾಂತಿ ನಿಲ್ಲುತ್ತದೆ ಎಂಬ ನಂಬಿಕೆ. ವಾಂತಿ ನಿಲ್ಲುತ್ತದೆಯೋ ಇಲ್ಲವೋ, ಮಿಶ್ರಿ ಮಾತ್ರ ಜೀವಮಾನ ನಿಲ್ಲುವುದಿಲ್ಲ. ಬಸುರಿನ ಸುದ್ದಿ ಮನೆಯ ಹೊರಗೆ ಎಲ್ಲರಿಗಿಂತ ಮೊದಲು ತಿಳಿಯುವುದು ಬಳೆಗಾರ್ತಿಗೆ. ಮೂರು ತಿಂಗಳು ತುಂಬಿದಾಗ ನಮ್ಮ ಕಡೆ ಕಳ್ಳ ಕುಬಸ ಮಾಡುತ್ತಾರೆ. ಗಂಡಸರಿಗೆ ಸುದ್ದಿಯಿಲ್ಲ, ಊರಿಗೆ ಸುದ್ದಿಯಿಲ್ಲ. ನಾಲ್ಕು ಹತ್ತಿರದ ಹೆಂಗಸರು ಒಳಗಿನ ಕೋಣೆಯಲ್ಲಿ ಕೂಡಿ ಬಸುರಿಗೆ ಹಸಿರು ಬಳೆ ಇಡಿಸಿ ಕುಬಸದ ಖಣ, ಎಂದರೆ ರವಿಕೆ ಬಟ್ಟೆ, ಉಡಿಗೆ ಹಾಕುತ್ತಾರೆ. ಮರಾಠಿ ಮನೆಗಳಲ್ಲೂ ಇದೇ ಪದ್ಧತಿ, ಹೆಸರು ಬೇರೆ.

ನಮ್ಮ ಮೇಲಿನವರು ಇನಾಮದಾರ ಸಾಹೇಬರು, ಪುಣೆಯಲ್ಲಿ ಓದಿ ಬಂದವರು. ಕೆಟ್ಟವರಲ್ಲ. ಬಿಸಿಲಲ್ಲಿ ಬಂದರೆ ಮೊದಲು ನೀರು ಕೊಡಿಸಿ ಆಮೇಲೆ ಮಾತು. ನಮ್ಮ ಹಾಳೆಗಳಲ್ಲಿ ಉತ್ತರಕ್ಕೊಂದರಂತೆ ಎಳೆದ ಗೆರೆಗಳನ್ನು ಕೂಡಿಸಿ, ಊರೂರಿನ ನಕಾಶೆಗೆ ಕೈಯಾರೆ ಬಣ್ಣ ತುಂಬುತ್ತಿದ್ದರು. ಎಲ್ಲಿ ಕೆಂಪೋ ಅಲ್ಲಿ ಮಾಲು ಹೋಗುತ್ತದೆ. ಸುಶೀಲಾ ಅವರ ಮುಂದೆ ಕಳ್ಳ ಕುಬಸದ ಕತೆಯನ್ನು ಅಭಿನಯ ಮಾಡಿ ಹೇಳಿದಳು. ಸಾಹೇಬರು ಕುರ್ಚಿಯಿಂದ ಎದ್ದುಬಿಟ್ಟರು.

"ಸುಶೀಲಾಬಾಯಿ, ಇಷ್ಟ ವರ್ಷದ ಸರ್ವಿಸಿನ್ಯಾಗ ಇಂಥಾ ಬಂಗಾರದಂಥಾ ಮಾಹಿತಿ ನಾ ನೋಡಿಲ್ಲ!"

ಅವಳ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ನನಗೂ ಹೆಮ್ಮೆಯಾಗಿತ್ತು, ಇಲ್ಲವೆನ್ನುವುದಿಲ್ಲ. ಕಂಪನಿ ಏನು ಮಾಡಿತು ಗೊತ್ತೇ? ಪೊಟ್ಟಣದ ಮೇಲೆ ಹಸಿರು ಸೀರೆಯ, ನಗುತ್ತಿರುವ ಹೆಂಗಸಿನ ಚಿತ್ರ ಹಾಕಿಸಿತು. ಬಳೆಗಾರ್ತಿಯರನ್ನು ಕರೆದು ಕಮಿಷನ್ನು ಗೊತ್ತು ಮಾಡಿತು. ಕಳ್ಳ ಕುಬಸಕ್ಕೆ ಹೋದಾಗ ಬಳೆಯ ಜೊತೆಗೆ ಬಸುರಿಯ ಉಡಿಗೆ ಒಂದು ಪೊಟ್ಟಣ ಪುಕ್ಕಟೆ ಹಾಕಬೇಕು. ಮನೆಯ ಗಂಡಸರಿಗೇ ತಿಳಿಯದ ಬಸುರು ಕಂಪನಿಗೆ ತಿಳಿದಿತ್ತು. ಒಂದೆರಡು ವರ್ಷದಲ್ಲಿ ಚಿಕ್ಕೋಡಿ, ರಾಯಬಾಗದ ಕಡೆಯೆಲ್ಲ ನಕಾಶೆ ಕೆಂಪಾಯಿತು.

ನಾನು ಒಮ್ಮೆ ಸಾಹೇಬರಿಗೆ ಹೇಳಿದೆ. "ಸಾಹೇಬ್ರ, ಬಸರಿ ಹೆಂಗಸಿಗೆ ತಂಬಾಕ ಕೊಡೂದು ಚಲೋ ಅಲ್ರಿ." ಅವರು ಕನ್ನಡಕ ತೆಗೆದು ಒರೆಸಿದರು. "ಅತ್ತಿ ಕೊಡತಾಳ ಅಂತ ನೀವs ಬರದೀರಿ. ನಾವು ಹೊಸಾದೇನೂ ಮಾಡಿಲ್ಲ ಶಾಂತಾಬಾಯಿ, ಇದ್ದದ್ದನ್ನ ಪೊಟ್ಟಣ ಕಟ್ಟೇವಿ." ಬರೆದದ್ದು ನಾನೇ ಹೌದು. ಸಿಟ್ಟಂತೂ ಬಂತು.

ತೊಂಬತ್ತರ ದಶಕ ಬಂದ ಮೇಲೆ ಸಾಹೇಬರ ಬಣ್ಣದ ಪೆನ್ಸಿಲ್ಲು ಮೂಲೆಗೆ ಬಿತ್ತು. ಕೊಲ್ಹಾಪುರದಲ್ಲಿ ಕಂಪ್ಯೂಟರು ಬಂತು. ನಾವು ತುಂಬಿಕೊಟ್ಟ ಹಾಳೆ ಅಲ್ಲಿಗೆ ಹೋಗಿ, ಅಂಚಿಗೆ ತೂತುಗಳಿರುವ ಉದ್ದನೆಯ ಮಡಿಕೆ ಕಾಗದವಾಗಿ ತಿರುಗಿ ಬರುತ್ತಿತ್ತು. ಊರಿಗೊಂದು ಸಾಲು, ಸಾಲಿನ ತುದಿಗೆ ಏರಿತೋ ಇಳಿಯಿತೋ. ನಮ್ಮ ಬರಹ ಚಿಕ್ಕದಾಗುತ್ತ ಬಂತು. ಹೆಂಗಸು ಏನು ಹೇಳಿದಳು ಎಂದು ಬರೆಯಲು ಜಾಗವಿರಲಿಲ್ಲ, ಸಂಖ್ಯೆ ಹಾಕಬೇಕು. ಕೊನೆಗೆ ಒಂದು ಕಾಲಮ್ಮು ಮಾತ್ರ ಬಿಟ್ಟಿದ್ದರು, 'ಕಾರಣ' ಎಂದು.

ಆ ಹೊತ್ತಿಗೇ ಸುಶೀಲಾ ಊಟ ಕಡಿಮೆ ಮಾಡಿದಳು. ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ಕೊಡಿಸಿದರೆ "ಖಾರ ಹತ್ತತೈತಿ ಅಕ್ಕಾ" ಎನ್ನುವಳು. ಮೆಣಸಿನಕಾಯಿಯನ್ನು ಹಸಿಯಾಗಿ ಕಡಿಯುತ್ತಿದ್ದವಳು! ಬಲವಂತ ಮಾಡಿ ಬಾಯಿ ತೆಗೆಸಿ ನೋಡಿದೆ. ಎಡಗಡೆ ಕೆನ್ನೆಯ ಒಳಗೆ ಹಾಲಿನ ಕೆನೆ ಅಂಟಿದ ಹಾಗೆ ಬಿಳಿ ಪೊರೆ, ಅದರ ನಡುವೆ ಹುಣ್ಣು. ದವಾಖಾನೆಗೆ ನಡಿ ಎಂದರೆ ಕೇಳಲಿಲ್ಲ. ಕಮಲಾಳ ಮದುವೆ ಗೊತ್ತಾಗಿತ್ತು. ಅಕ್ಕೋಳದವನೇ ವರ.

"ಬೀಗರಿಗೆ ಗೊತ್ತಾದ್ರ ಲಗ್ನ ಮುರೀತೈತಿ. ಅಕ್ಷತಾ ಬೀಳ್ಲಿ ತಡಿ."

ಮಗಳ ಮದುವೆ ಎಂದು ಆಫೀಸಿಗೆ ಹೇಳಿ ಕೆಲಸ ಬಿಟ್ಟಳು. ಅಕ್ಷತೆ ಬಿತ್ತು. ಮಿರಜಿನ ದವಾಖಾನೆಗೆ ಹೋಗುವ ಹೊತ್ತಿಗೆ ಹುಣ್ಣು ದವಡೆಗೆ ಇಳಿದಿತ್ತು. ಮಿಶ್ರಿಯಿಂದ ಬಂದ ಕ್ಯಾನ್ಸರ್ ಎಂದು ಹೇಳಿ ಅರ್ಧ ದವಡೆ ತೆಗೆದರು. ಬದುಕಿ ಬಂದಳು, ಆದರೆ ಮಾತು ಹೋಗಿತ್ತು, ಗಂಟಲಿನಿಂದ ಒಂದು ಸದ್ದು ಬರುತ್ತಿತ್ತು ಅಷ್ಟೆ. ಸೆರಗನ್ನು ಕಣ್ಣಿನ ಕೆಳಗೆ ಬಿಗಿಯಾಗಿ ಸುತ್ತಿಕೊಂಡು ಕೂಡುವಳು. ಗಂಡನಿಗೂ ಮುಖ ತೋರಿಸಲಿಲ್ಲ, ಕಮಲಾಳಿಗೂ ಇಲ್ಲ. ಗಂಜಿ ಕುಡಿಯುವಾಗ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು. ನಾನು ರವಿವಾರ ಹೋಗಿ ಪಕ್ಕದಲ್ಲಿ ಕೂತು ಆಫೀಸಿನ ಸುದ್ದಿ ಹೇಳಿ ಬರುತ್ತಿದ್ದೆ. ಓಣಿಯ ತುದಿಗೆ ಕೇಳುತ್ತಿದ್ದ ಆ ನಗು ಇಲ್ಲದ ಮನೆಯಲ್ಲಿ ಕೂಡುವುದು ಎಷ್ಟು ಕಷ್ಟವೆಂದು ಹೇಗೆ ಬರೆಯಲಿ?

ಒಂದು ರವಿವಾರ ಹೋದಾಗ ಅವಳ ಕಣ್ಣು ನಗುತ್ತಿತ್ತು. ಹೊಟ್ಟೆಯ ಮೇಲೆ ಕೈ ಆಡಿಸಿ, ಕಮಲಾಳ ಗಂಡನ ಮನೆಯ ಕಡೆ ತೋರಿಸಿದಳು. ಕಮಲಾ ಬಸುರಿ. ಆ ವಾರವೇ ಕಳ್ಳ ಕುಬಸ.

ಕಮಲಾಳ ಅತ್ತೆಮನೆಯ ಒಳಗಿನ ಕೋಣೆಯಲ್ಲಿ ನಾವು ಏಳೆಂಟು ಹೆಂಗಸರು. ಕಮಲಾ ಗೋಡೆಗೆ ಒರಗಿ ಕೂತಿದ್ದಳು, ವಾಂತಿಯಿಂದ ಮುಖ ಸೊರಗಿತ್ತು. ಸುಶೀಲಾ ಮೂಲೆಯಲ್ಲಿ, ಮುಖಕ್ಕೆ ಸೆರಗು. ಬಳೆಗಾರ್ತಿ ಹಸಿರು ಬಳೆ ಇಟ್ಟಳು. ಬೀಗಿತ್ತಿ, ಎಂದರೆ ಕಮಲಾಳ ಅತ್ತೆ, ಉಡಿ ತುಂಬಿದಳು. ಆಮೇಲೆ ಬಳೆಗಾರ್ತಿ ಚೀಲಕ್ಕೆ ಕೈ ಹಾಕಿ ಪೊಟ್ಟಣ ತೆಗೆದು ಕಮಲಾಳ ಉಡಿಯಲ್ಲಿಟ್ಟಳು.

"ಕಂಪನಿಯವರ ಉಡುಗೊರಿ ತಾಯಿ, ಪುಕ್ಕಟ."

"ತಿಕ್ಕವಾ, ಒಂದ ಚಿಟಿಕಿ," ಎಂದಳು ಅತ್ತೆ. "ಹೊಟ್ಟಿ ತಣ್ಣಗಾಕೈತಿ. ನಾ ಕೊಟ್ರೇನು, ಅವರು ಕೊಟ್ರೇನು."

ಕಮಲಾ ತಾಯಿಯ ಕಡೆ ನೋಡಿದಳು. ತಾಯಿಗೆ ಏನಾಗಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಅತ್ತೆಯ ಮುಂದೆ ಬೇಡ ಎನ್ನುವುದು ಹೇಗೆ? ಪೊಟ್ಟಣದ ಮೇಲೆ ಕೈ ಇಟ್ಟಳು.

ಸುಶೀಲಾ ಎದ್ದಳು. ಮಗಳ ಉಡಿಯಿಂದ ಪೊಟ್ಟಣ ಎತ್ತಿಕೊಂಡಳು. ಇನ್ನೊಂದು ಕೈಯಿಂದ ಸೆರಗು ಬಿಚ್ಚಿದಳು.

ಎಡಗಡೆ ದವಡೆ ಇರಲಿಲ್ಲ. ಕೆನ್ನೆ ಒಳಗೆ ಕುಸಿದು, ಹೊಲಿಗೆಯ ಗುರುತು ಕಿವಿಯವರೆಗೆ ಹೋಗಿತ್ತು. ತುಟಿ ಮುಚ್ಚದೆ ಜೊಲ್ಲು ಇಳಿಯುತ್ತಿತ್ತು. ನಾನು ಅಷ್ಟು ದಿನ ಪಕ್ಕದಲ್ಲಿ ಕೂತವಳು, ನಾನೂ ಅವತ್ತೇ ನೋಡಿದ್ದು. ಅವಳು ಪೊಟ್ಟಣದ ನಗುವ ಹೆಂಗಸನ್ನು ತನ್ನ ಕೆನ್ನೆಯ ಪಕ್ಕ ಹಿಡಿದುಕೊಂಡು, ಅರಿಷಿಣ ಕುಂಕುಮದ ತಟ್ಟೆ ಹಿಡಿದು ಸಾಲಾಗಿ ಹೋಗುತ್ತೇವಲ್ಲ ಹಾಗೆ, ಒಬ್ಬೊಬ್ಬರ ಮುಂದೆಯೂ ಬಾಗಿ ನಿಂತಳು. ಎರಡೂ ಮುಖ ನೋಡಿದ ಮೇಲೆಯೇ ಮುಂದಿನವಳ ಕಡೆ ಹೋದಳು. ಕೊನೆಗೆ ಬೀಗಿತ್ತಿಯ ಮುಂದೆ ಬಂದು ಬಹಳ ಹೊತ್ತು ನಿಂತಳು.

"ಯವ್ವಾ, ಸಾಕ ಬಿಡವಾ" ಎಂದು ಕಮಲಾ ಗೊಳೋ ಎಂದು ಅತ್ತಳು. ಬಳೆಗಾರ್ತಿ ಪೊಟ್ಟಣ ಇಸಿದುಕೊಂಡು, ಚೀಲದಲ್ಲಿದ್ದ ಉಳಿದವನ್ನೂ ತೆಗೆದು ಹೋಗಿ ಒಲೆಗೆ ಹಾಕಿದಳು. ಮನೆಯೆಲ್ಲ ಘಾಟು. ಬೀಗಿತ್ತಿ ತನ್ನ ಟೊಂಕದ ಡಬ್ಬಿಯನ್ನು ಇನ್ನಷ್ಟು ಒಳಗೆ ಸಿಕ್ಕಿಸಿಕೊಂಡಳು. ಬಿಡಲಿಲ್ಲ, ಆ ವಯಸ್ಸಿನಲ್ಲಿ ಅವಳ ಕೈಲಿ ಬಿಡಲಾಗಲಿಲ್ಲ. ಆದರೆ ಸೊಸೆಯ ಮುಂದೆ ಅದನ್ನು ಮತ್ತೆ ತೆರೆಯಲಿಲ್ಲ.

ಕಮಲಾ ಹೆರುವ ಮೊದಲೇ ಸುಶೀಲಾ ತೀರಿಕೊಂಡಳು. ಹುಣ್ಣು ಗಂಟಲಿಗೆ ಬಂದಿತ್ತು.

ಮರುವರ್ಷ ಇನಾಮದಾರ ಸಾಹೇಬರು ಮಡಿಕೆ ಕಾಗದ ಬಿಚ್ಚಿಟ್ಟುಕೊಂಡು ನನ್ನನ್ನು ಕರೆದರು. "ನೋಡ್ರಿ ಶಾಂತಾಬಾಯಿ, ಎಲ್ಲಾ ಕಡೆ ಮಿಶ್ರಿ ಏರೇದ. ಅಕ್ಕೋಳದಾಗಷ್ಟ ಇಳದದ. ಮೆಷಿನ್ ತಪ್ಪೋ ಖರೇನೋ, ಹೋಗಿ ಕಾರಣ ಬರಕೊಂಡ ಬರ್ರಿ."

ಅಕ್ಕೋಳಕ್ಕೆ ಹೋದೆ. ಕೇಳುವ ಅಗತ್ಯವೇ ಇರಲಿಲ್ಲ, ಆದರೂ ಕೇಳಿದೆ. ಅವತ್ತು ಕೋಣೆಯಲ್ಲಿದ್ದವರು ತಮ್ಮ ಓಣಿಗೆ ಹೇಳಿದ್ದರು, ಓಣಿಯವರು ಊರಿಗೆ. ಒಬ್ಬ ಮುದುಕಿ ತನ್ನ ಕರಿ ಹಲ್ಲು ತೋರಿಸಿ ಅಂದಳು: "ನಂದಂತೂ ಮುಗೀತು ಬಾಯಾರ. ಆದ್ರ ಸುಶೀಲಾನ ಮಾರಿ ನೆನಪಾದ್ರ ಸೊಸಿ ಮುಂದ ಡಬ್ಬಿ ತಗಿಯಾಕ ಕೈ ಬರೂದಿಲ್ಲ."

ಅಲ್ಲಿಂದ ನೇರ ಆಫೀಸಿಗೆ ಹೋಗಲು ಮನಸ್ಸಾಗಲಿಲ್ಲ. ರಾಯಬಾಗದ ಬಸ್ಸು ಹತ್ತಿ ದಿಗ್ಗೇವಾಡಿಗೆ ಹೋದೆ. ಪರಿಚಯದ ಹಿತ್ತಲುಗಳಲ್ಲಿ ಕೂತು ಸುಶೀಲಾಳ ಕತೆ ಹೇಳಿದೆ. ಸಮಾಧಾನದಿಂದ ಕೇಳಿದರು, ಚಹಾ ಕೊಟ್ಟರು. "ನಾವೇನ ನಿನ್ನೆ ಮೊನ್ನೆ ತಿಕ್ಕಾಕತ್ತೇವೇನ್ರಿ? ನಮ್ಮತ್ತಿ, ಅವರತ್ತಿ ಎಲ್ಲಾರೂ ತಿಕ್ಯಾರ" ಎಂದಳೊಬ್ಬಳು. ಇನ್ನೊಬ್ಬಳು ನನ್ನ ಮುಖವನ್ನೇ ನೋಡಿ, "ನಿಮ್ಮ ಬಾಯಿ ಚಲೋ ಐತೆಲ್ರಿ ಬಾಯಾರ" ಎಂದಳು. ನನ್ನ ಬಾಯಿ ನೆಟ್ಟಗಿತ್ತು, ಅದಕ್ಕೇ ಯಾರೂ ನಂಬಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಅತ್ತುಬಿಟ್ಟೆ. ಆ ಕಡೆಯ ಬಳೆಗಾರ್ತಿಯರು ಮುಂದೆಯೂ ಬಹಳ ವರ್ಷ ಉಡಿಗೆ ಪೊಟ್ಟಣ ಹಾಕುತ್ತಲೇ ಇದ್ದರು.

ಮರುದಿನ ಸಾಹೇಬರ ಮುಂದೆ ಹಾಳೆ ಇಟ್ಟೆ. ಕಾರಣದ ಕಾಲಮ್ಮು ತುಂಬಿರಲಿಲ್ಲ.

"ಇದೇನು, ಖಾಲಿ ಬಿಟ್ಟೀರಿ?"

"ಕಾರಣ ತಿಳದ್ರ ಏನ ಮಾಡತೀರಿ ಸಾಹೇಬ್ರ?"

"ಬ್ಯಾರೆ ಊರಿಗೆ ಹಬ್ಬಲಾರದಂಗ ನೋಡಕೋಬೇಕಲ್ಲ. ಯಾರರೆ ಏನರೆ ಹೇಳತಿದ್ರ ಅವರನ್ನ ಹಿಡದು ಸಮಝಾಯಿಸೋದು. ಪೊಟ್ಟಣ ಬ್ಯಾಡ ಅಂದ್ರ ಬ್ಯಾರೆ ರೀತಿ ಕೊಡೋದು. ಮೊದಲ ಕಾರಣ ಬೇಕು."

"ಹಂಗಾರ ನನಗ ಗೊತ್ತಾಗಲಿಲ್ರಿ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನಿಮಗ ಗೊತ್ತಾಗಲಿಲ್ಲಂದ್ರ ಇನ್ಯಾರಿಗೆ ಗೊತ್ತಾಗಬೇಕು?"

"ಸುಶೀಲಾಗ ಗೊತ್ತೈತ್ರಿ. ಆಕೀನ್ನ ಕೇಳ್ರಿ."

"ಹೌದಲ್ಲ! ಆಕಿ ಅಕ್ಕೋಳದಾಕೀನs." ಕೆಲಸ ಬಿಟ್ಟು ಹೋದ ಹೆಂಗಸಿನ ಸುದ್ದಿ ಯಾರೂ ಅವರಿಗೆ ಮುಟ್ಟಿಸಿರಲಿಲ್ಲ, ಅವರೂ ಕೇಳಿರಲಿಲ್ಲ. ಬರೆದುಕೊಳ್ಳಲು ಪೆನ್ನು ತೆಗೆದರು. "ಎಲ್ಲಿರತಾಳ ಈಗ? ಪತ್ತೆ ಹೇಳ್ರಿ."

"ತಮ್ಮ ತಂಬಾಕಿನ ಹೊಲದಾಗ ಅದಾಳ್ರಿ. ಬದುವಿನ ಬಾಜೂಕ ಮಣ್ಣ ಮಾಡ್ಯಾರ."

ಸಾಹೇಬರು 'ತಂಬಾಕಿನ ಹೊಲ' ಎನ್ನುವವರೆಗೆ ಬರೆದಿದ್ದರು. ಪೆನ್ನು ಅಲ್ಲೇ ನಿಂತಿತು.